ಖಾಯಂ ವಿಳಾಸ

ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂದು ನಮ್ಮ ಅಜ್ಜಿಯರು ಬಾಯಿಮಾತಿನಲ್ಲಿ ಹೇಳುತ್ತಿದ್ದರು. ರೇಷನ್ ಕಾರ್ಡು ಬಂದ ಮೇಲೆ ಸರ್ಕಾರ ಅದನ್ನೇ ಬರಹದಲ್ಲಿ ಹೇಳತೊಡಗಿತು. ಮದುವೆಯಾದ ಹುಡುಗಿಯ ಹೆಸರನ್ನು ತವರಿನ ಕಾರ್ಡಿನಿಂದ ತೆಗೆಸಬೇಕು, ತೆಗೆಸಿದ್ದಕ್ಕೆ ಚೀಟಿ ಪಡೆಯಬೇಕು, ಆ ಚೀಟಿ ಹಿಡಿದು ಗಂಡನ ಮನೆಯ ಕಾರ್ಡಿಗೆ ಸೇರಿಸಬೇಕು. ಅಲ್ಲಿ ತೆಗೆದು ಇಲ್ಲಿ ಸೇರಿಸುವ ನಡುವಿನ ಐದಾರು ತಿಂಗಳು ಸಕ್ಕರೆ, ಸೀಮೆಎಣ್ಣೆಯ ಲೆಕ್ಕದಲ್ಲಿ ಆಕೆ ಎಲ್ಲಿಯೂ ಇರುವುದಿಲ್ಲ. ಅರ್ಜಿಗಳಲ್ಲಿ 'ಖಾಯಂ ವಿಳಾಸ' ಎಂಬ ಒಂದು ಸಾಲು ಇರುತ್ತದಲ್ಲ, ಅಲ್ಲಿಗೆ ಬಂದಾಗ ಗಂಡಸರ ಪೆನ್ನು ನಿಲ್ಲುವುದಿಲ್ಲ. ಹೆಂಗಸರು ಒಂದು ಕ್ಷಣ ತಲೆಯೆತ್ತಿ ನೋಡುತ್ತಾರೆ. ನೀವೂ ನೋಡಿರುತ್ತೀರಿ.

ಈಗ ನಮ್ಮ ಮೈಸೂರು, ಶಿವಮೊಗ್ಗ, ದಾವಣಗೆರೆ, ಧಾರವಾಡದಂಥ ಊರುಗಳ ಬೀದಿಬೀದಿಯಲ್ಲೂ ಹೊರದೇಶದಲ್ಲಿ ಮಗಳೋ ಸೊಸೆಯೋ ಇರುವ ಒಂದು ಮನೆಯಾದರೂ ಸಿಗುತ್ತದೆ. ಅವರ ಮಾತಿನಲ್ಲಿ ಈ ಖಾಯಂ ವಿಳಾಸದ ಪ್ರಶ್ನೆ ಬೇರೆ ವೇಷದಲ್ಲಿ ಬರುತ್ತದೆ. "ಅವಳಿಗೆ ಗ್ರೀನ್ ಕಾರ್ಡ್ ಆಯ್ತಂತೆ" ಎನ್ನುವಾಗ ಆ ದೇಶದಲ್ಲಿ ಅವಳ ಬೇರು ಇಳಿದೇಬಿಟ್ಟಿತು ಎಂಬ ನಿಶ್ಚಿಂತೆ ನಮ್ಮ ದನಿಯಲ್ಲಿರುತ್ತದೆ. ಗ್ರೀನ್ ಕಾರ್ಡ್ ಎಂದರೆ ಅಮೆರಿಕದ ಪೌರತ್ವವಲ್ಲ. ಪಾಸ್‌ಪೋರ್ಟು ಭಾರತದ್ದೇ ಆಗಿರುತ್ತದೆ, ಅಲ್ಲಿ ಓಟು ಹಾಕುವಂತಿಲ್ಲ. ಆದರೆ ಇಷ್ಟಬಂದಷ್ಟು ಕಾಲ ಇರಬಹುದು, ಇಷ್ಟಬಂದ ಕೆಲಸ ಮಾಡಬಹುದು. ಕಾನೂನಿನ ಭಾಷೆಯಲ್ಲಿ ಆಕೆ 'ಖಾಯಂ ನಿವಾಸಿ'. (ಕಾರ್ಡಿನ ಬಣ್ಣ ನಡುವೆ ಎಷ್ಟೋ ವರ್ಷ ಹಸಿರಾಗಿರಲೇ ಇಲ್ಲ. 2010ರಲ್ಲಿ ಮತ್ತೆ ಹಸಿರು ಮಾಡಿದರು. ಹೆಸರು ಮಾತ್ರ ಬದಲಾಗಲಿಲ್ಲ.) ಇಷ್ಟೆಲ್ಲ ಇದ್ದರೂ ಆ 'ಖಾಯಂ' ಎಂಬ ಮಾತಿಗೆ ಒಂದು ಗಂಟಿದೆ. ಇರುವವಳಿಗೆ ಅದು ಖಾಯಂ. ಹೊರಗೆ ಹೋಗಿ ಇನ್ನೆಲ್ಲೋ ಸಂಸಾರ ಹೂಡಿದವಳಿಗೆ ಅದು ಕರಗುತ್ತ ಹೋಗುತ್ತದೆ. ಹಾಗೆ ಸಂಸಾರ ಹೂಡಲು ಹೋಗುವವರು ಹೆಚ್ಚಾಗಿ ಯಾರು? ಗಂಡನ ಕೆಲಸ ಬದಲಾದಾಗ ಅವನ ಹಿಂದೆ ಹೊರಟ ಹೆಂಗಸರು. ಹೀಗಾಗಿ ಈ ಕಾರ್ಡಿನ ಚರಿತ್ರೆಯಲ್ಲಿ ಹೆಂಡತಿಯರ ಚರಿತ್ರೆಯೂ ಸೇರಿಕೊಂಡಿದೆ. ಯಾರೂ ಅದನ್ನು ಹಾಗೆ ಬಿಡಿಸಿ ಹೇಳುವುದಿಲ್ಲ, ಅಷ್ಟೆ.

ಪರದೇಶದವರು ಹೊರಗೆ ಹೋಗಿ ಮರಳಿ ಬರುವುದಕ್ಕೆ ಕಾಗದ ಬೇಕೆಂಬ ಪದ್ಧತಿ ಅಮೆರಿಕದಲ್ಲಿ ಬೆಳೆದದ್ದು ಚೀನಾದ ಕೂಲಿಗಳ ಬೆನ್ನ ಮೇಲೆ. 1882ರ ಕಾನೂನು ಹೊಸ ಚೀನೀ ಕೂಲಿಗಳಿಗೆ ಬಾಗಿಲು ಮುಚ್ಚಿತು. ಆಗಲೇ ಒಳಗಿದ್ದವರು ಊರಿಗೆ ಹೋಗಿಬರುವುದಾದರೆ ಒಂದು ಪ್ರಮಾಣಪತ್ರ ಪಡೆದು ಹೋಗಬೇಕಿತ್ತು. ಚೇ ಚಾನ್ ಪಿಂಗ್ ಎಂಬುವನು ಹನ್ನೆರಡು ವರ್ಷ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ದುಡಿದು, 1887ರಲ್ಲಿ ಅಂಥ ಪತ್ರ ಜೇಬಿನಲ್ಲಿಟ್ಟುಕೊಂಡು ಊರಿಗೆ ಹೋದ. ಮರಳಿ ಬರುವ ಹಡಗು ಇನ್ನೂ ಸಮುದ್ರದಲ್ಲಿರುವಾಗ, 1888ರ ಅಕ್ಟೋಬರ್ 1ರಂದು, ಅಂಥ ಪತ್ರಗಳೆಲ್ಲ ರದ್ದು ಎಂದು ಇನ್ನೊಂದು ಕಾನೂನು ಬಂತು. ಒಂದು ವಾರದ ನಂತರ ಬಂದರಿಗೆ ಬಂದವನನ್ನು ಇಳಿಯಗೊಡಲಿಲ್ಲ. ಸುಮಾರು 20,000 ಜನರ ಕೈಯಲ್ಲಿದ್ದ ಪತ್ರಗಳು ಒಂದೇ ದಿನ ರದ್ದಿ ಕಾಗದವಾದವು. ಸುಪ್ರೀಂ ಕೋರ್ಟು 1889ರಲ್ಲಿ ಸರ್ಕಾರದ ಪಕ್ಷವನ್ನೇ ಹಿಡಿಯಿತು. ಬಾಗಿಲ ಬಳಿ ನಿಂತವನ ಹಕ್ಕು ಒಳಗಿರುವವನ ಹಕ್ಕಿಗಿಂತ ತೆಳು ಎಂಬ ವಿಚಾರ ಅಲ್ಲಿಂದ ಬಂದು ಇಂದಿಗೂ ಪೂರ್ತಿ ಹೋಗಿಲ್ಲ.

ಹೆಂಗಸರ ಕತೆ ಇನ್ನೂ ವಿಚಿತ್ರ. ಹತ್ತೊಂಬತ್ತನೆಯ ಶತಮಾನದ ಕಾನೂನಿಗೆ ಗಂಡ ಹೆಂಡತಿ ಎಂದರೆ ಒಂದೇ ಜೀವ, ಆ ಜೀವ ಗಂಡ. ಬ್ರಿಟಿಷರ 1870ರ ಕಾನೂನು ಮದುವೆಯಾದವಳು ಗಂಡ ಯಾವ ದೇಶದ ಪ್ರಜೆಯೋ ಆ ದೇಶದ ಪ್ರಜೆ ಎಂದು ಚುಟುಕಾಗಿ ಹೇಳಿಬಿಟ್ಟಿತು. ಅಮೆರಿಕ 1855ರಲ್ಲಿ ತನ್ನ ಗಂಡಸರನ್ನು ಮದುವೆಯಾದ ಪರದೇಶದ ಹೆಂಗಸರಿಗೆ ಪೌರತ್ವ ಕೊಟ್ಟಿತು, ಅದೂ ಬಿಳಿಯರಿಗೆ ಮಾತ್ರ. 1907ರಲ್ಲಿ ಆ ನ್ಯಾಯವನ್ನು ತಿರುಗಿಸಿ ಹಾಕಿತು: ಪರದೇಶದವನನ್ನು ಮದುವೆಯಾದ ಅಮೆರಿಕದ ಹೆಣ್ಣು ತನ್ನ ಪೌರತ್ವ ಕಳೆದುಕೊಳ್ಳುತ್ತಾಳೆ. ಕ್ಯಾಲಿಫೋರ್ನಿಯಾದಲ್ಲೇ ಹುಟ್ಟಿ ಅಲ್ಲೇ ಬೆಳೆದ ಎಥೆಲ್ ಮೆಕೆಂಜಿ 1909ರಲ್ಲಿ ಸ್ಕಾಟ್‌ಲೆಂಡಿನ ಒಬ್ಬ ಹಾಡುಗಾರನನ್ನು ಮದುವೆಯಾದಳು. 1911ರಲ್ಲಿ ಆ ರಾಜ್ಯದ ಹೆಂಗಸರಿಗೆ ಮತದಾನದ ಹಕ್ಕು ಬಂದಾಗ ಅದಕ್ಕಾಗಿ ಓಡಾಡಿದ್ದ ಅವಳೇ ಹೆಸರು ನೋಂದಾಯಿಸಲು ಹೋದರೆ, "ನೀನು ಈಗ ಬ್ರಿಟಿಷ್ ಪ್ರಜೆ" ಎಂದು ವಾಪಸು ಕಳಿಸಿದರು. ಅವಳು ದೇಶ ಬಿಟ್ಟು ಒಂದು ಹೆಜ್ಜೆಯೂ ಇಟ್ಟಿರಲಿಲ್ಲ! ಸುಪ್ರೀಂ ಕೋರ್ಟಿನವರೆಗೂ ಹೋಗಿ 1915ರಲ್ಲಿ ಸೋತಳು.

ಹೆಂಗಸರಿಗೆ ಓಟು ಬಂದ ಮೇಲೆ ರಾಜಕಾರಣಿಗಳ ಕಿವಿ ಚುರುಕಾಯಿತು. 1922ರಲ್ಲಿ ಕೇಬಲ್ ಕಾಯಿದೆ ಎಂಬುದು ಬಂತು. ಇನ್ನು ಮೇಲೆ ಮದುವೆಯಿಂದ ಪೌರತ್ವ ಬರುವುದೂ ಇಲ್ಲ, ಹೋಗುವುದೂ ಇಲ್ಲ ಎಂದಿತು. ಹೆಂಗಸರ ಗೆಲುವೆಂದು ಚರಿತ್ರೆಯ ಪುಸ್ತಕಗಳು ಇದನ್ನು ಕೊಂಡಾಡುತ್ತವೆ. ನಮ್ಮ ವಿಷಯಕ್ಕೆ ಬೇಕಾದ ಸಂಗತಿ ಇರುವುದು ಅದರ ಮೂರನೆಯ ಕಲಮಿನಲ್ಲಿ. ಗಂಡನ ದೇಶದಲ್ಲಿ ಸತತವಾಗಿ ಎರಡು ವರ್ಷ, ಇಲ್ಲವೇ ಅಮೆರಿಕದ ಹೊರಗೆ ಎಲ್ಲಿಯೇ ಆಗಲಿ ಐದು ವರ್ಷ ಇದ್ದರೆ, ಆಕೆ ತನ್ನ ದೇಶವನ್ನು ಬಿಟ್ಟವಳೆಂದು ಊಹಿಸಿಕೊಳ್ಳಬಹುದು ಎಂದು ಅದು ಹೇಳಿತು. ಅಂದರೆ ಮದುವೆಯಾದರೆ ತೊಂದರೆಯಿಲ್ಲ, ಗಂಡನ ಊರಿಗೆ ಹೋಗಿ ಬಾಳಿದರೆ ತೊಂದರೆ! ಅಲ್ಲಿ ಹುಟ್ಟಿ ಬೆಳೆದ ಹೆಂಗಸಿಗೇ ಈ ಮಾತು. 1930ರಲ್ಲಿ ಈ ಕಲಮನ್ನು ತೆಗೆದುಹಾಕಿದರು. ಪರದೇಶದ ಹೆಂಗಸರ ವಿಷಯದಲ್ಲಿ ಮಾತ್ರ ಅದೇ ಊಹೆ ಬೇರೆ ರೂಪದಲ್ಲಿ ಉಳಿದುಕೊಂಡಿತು.

ಕೇಬಲ್ ಕಾಯಿದೆಯಲ್ಲಿ ಇನ್ನೊಂದು ಮುಳ್ಳಿತ್ತು. ಗಂಡ ಪೌರತ್ವಕ್ಕೆ 'ಅರ್ಹನಲ್ಲದ' ಜನಾಂಗದವನಾಗಿದ್ದರೆ ಹೆಂಡತಿಯ ಪೌರತ್ವ ಆಗಲೂ ಹೋಗುತ್ತಿತ್ತು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಅವರ ಮೊಕದ್ದಮೆಯಲ್ಲಿ ಭಾರತೀಯರೂ ಅನರ್ಹರೆಂದು ತೀರ್ಪಾಯಿತು. ಭಾರತದ ಸ್ವಾತಂತ್ರ್ಯಕ್ಕಾಗಿ ಅಮೆರಿಕದಲ್ಲಿದ್ದು ಹೋರಾಡಿದ ತಾರಕನಾಥ ದಾಸರನ್ನು 1924ರಲ್ಲಿ ಮದುವೆಯಾದ ಮೇರಿ ಕೀಟಿಂಗ್ ಎಂಬ ಅಮೆರಿಕನ್ ಮಹಿಳೆ ಹೀಗೆಯೇ ತನ್ನ ದೇಶದಲ್ಲಿ ತಾನೇ ಪರಕೀಯಳಾದಳು. 1931ರ ತಿದ್ದುಪಡಿಯವರೆಗೂ ಈ ಮುಳ್ಳು ಹಾಗೆಯೇ ಇತ್ತು.

ಅದೇ ತೀರ್ಪಿನ ಏಟು ತಿಂದ ಇನ್ನೊಬ್ಬ ಹೆಂಗಸಿನ ಕತೆಯನ್ನು ಹೇಳದೆ ಮುಂದೆ ಹೋಗಲಾರೆ. ಕಲಾ ಬಗಾಯಿ 1915ರಲ್ಲಿ ಗಂಡ ವೈಷ್ಣೋದಾಸ್ ಮತ್ತು ಮೂವರು ಗಂಡುಮಕ್ಕಳೊಂದಿಗೆ ಸ್ಯಾನ್ ಫ್ರಾನ್ಸಿಸ್ಕೋ ತಲುಪಿದರು. ಬರ್ಕ್ಲಿ ಎಂಬ ಊರಿನಲ್ಲಿ ಮನೆ ಕೊಂಡು ಸಾಮಾನು ತಂದರೆ ನೆರೆಯವರು ಬಾಗಿಲಿಗೆ ಬೀಗ ಜಡಿದಿದ್ದರು. ಗಂಡ ಅಂಗಡಿ ಇಟ್ಟು, 1921ರಲ್ಲಿ ಪೌರತ್ವ ಪಡೆದ. ಥಿಂಡ್ ತೀರ್ಪಿನ ಮೇಲೆ ಅದನ್ನು ಕಿತ್ತುಕೊಂಡರು. ಅಂಗಡಿ ಹೋಯಿತು. ಊರಿಗೆ ಹೋಗಿ ಬಂಧುಗಳನ್ನು ನೋಡಿಬರೋಣವೆಂದರೆ ಅಮೆರಿಕದ ಪಾಸ್‌ಪೋರ್ಟು ಕೊಡಲೊಲ್ಲರು. ಬ್ರಿಟಿಷರ ಪಾಸ್‌ಪೋರ್ಟು ತೆಗೆದುಕೋ ಎಂದರು. ಬ್ರಿಟಿಷರ ಆಳ್ವಿಕೆ ಬೇಡವೆಂದೇ ದೇಶ ಬಿಟ್ಟು ಬಂದವನು ಅವನು. 1928ರಲ್ಲಿ ಪತ್ರಿಕೆಯೊಂದಕ್ಕೆ ಪತ್ರ ಬರೆದಿಟ್ಟು ಪ್ರಾಣ ಕಳೆದುಕೊಂಡ. ಕಲಾ ಆ ಪರದೇಶದಲ್ಲಿ, ಯಾವ ಕಾಗದದ ಬಲವೂ ಇಲ್ಲದೆ, ಮೂವರು ಮಕ್ಕಳನ್ನು ಓದಿಸಿ ದೊಡ್ಡವರನ್ನಾಗಿ ಮಾಡಿದರು. ಭಾರತೀಯರಿಗೆ ಪೌರತ್ವದ ಬಾಗಿಲು ತೆರೆದ 1946ರ ಕಾನೂನು ಬಂದ ಮೇಲೆಯೇ ಆಕೆಗೂ ಪೌರತ್ವ ಸಿಕ್ಕಿದ್ದು. ಆ ಕಾನೂನು ಇಡೀ ಭಾರತಕ್ಕೆ ವರ್ಷಕ್ಕೆ 100 ಜನರ ಕೋಟಾ ಕೊಟ್ಟಿತು. ಅಂದು ಬೀಗ ಜಡಿದ ಬರ್ಕ್ಲಿಯಲ್ಲಿ ಈಗ ಒಂದು ಬೀದಿಗೆ ಕಲಾ ಬಗಾಯಿಯ ಹೆಸರಿದೆ.

ಇತ್ತ 1924ರ ವಲಸೆ ಕಾನೂನು ಹಳೆಯ ಪ್ರಮಾಣಪತ್ರಕ್ಕೆ ಹೊಸ ರೂಪ ಕೊಟ್ಟಿತ್ತು: ಮರುಪ್ರವೇಶದ ಪರವಾನಗಿ. ತಾತ್ಕಾಲಿಕವಾಗಿ ಹೊರಗೆ ಹೋಗುವ ನಿವಾಸಿ ಮೊದಲೇ ಅರ್ಜಿ ಹಾಕಿ, ಒಂದು ವರ್ಷದ ಪರವಾನಗಿ ಪಡೆದು ಹೋದರೆ ಮರಳುವಾಗ ಕೋಟಾದ ಸಾಲಿನಲ್ಲಿ ನಿಲ್ಲಬೇಕಿಲ್ಲ. ಈ 'ತಾತ್ಕಾಲಿಕ' ಎಂಬ ಪದವೇ ಮುಂದಿನ ಎಲ್ಲ ಜಗಳಗಳ ಬೀಜ. ಎಷ್ಟು ದಿನ ಹೋದರೆ ತಾತ್ಕಾಲಿಕ? ನಮ್ಮಲ್ಲಿ ಬಾಣಂತನಕ್ಕೆ ತವರಿಗೆ ಹೋದವಳು ಐದು ತಿಂಗಳಿಗೆ ಬರದಿದ್ದರೆ ನೆರೆಹೊರೆಯವರು ಕಣ್ಣಿನಲ್ಲೇ ಪ್ರಶ್ನೆ ಕೇಳುವುದಿಲ್ಲವೆ? ಹಾಗೆ.

1965ರಲ್ಲಿ ಅಮೆರಿಕ ಜನಾಂಗದ ಕೋಟಾ ತೆಗೆದುಹಾಕಿತು. ನಮ್ಮ ಡಾಕ್ಟರುಗಳು, ಇಂಜಿನಿಯರುಗಳು ಹೊರಟದ್ದು ಆಮೇಲೆ. ಅವರ ಹಿಂದೆ ಸೀರೆ ಉಟ್ಟು, ಸಾರಿನ ಪುಡಿಯ ಡಬ್ಬಿ ಹಿಡಿದು ಹೊರಟ ಹೆಂಡತಿಯರಿಗೂ ಖಾಯಂ ನಿವಾಸಿಯ ಕಾರ್ಡು ಸಿಕ್ಕಿತು. ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಕಾರ್ಡು ಬಂದದ್ದು ಗಂಡನ ಬಾಲವಾಗಿಯೇ ಇರಬಹುದು. ಒಮ್ಮೆ ಬಂದ ಮೇಲೆ ಅದು ಅವಳದೇ. ಅವಳ ಹೆಸರು, ಅವಳ ಫೋಟೋ, ಅವಳ ಬೆರಳಚ್ಚು. ಉಳಿಸಿಕೊಳ್ಳುವ ಹೊಣೆಯೂ ಅವಳದೇ. ಗಂಡನಿಗೆ ಪೌರತ್ವ ಬಂದರೂ ಹೆಂಡತಿಗೆ ತಾನಾಗಿ ಬರುವುದಿಲ್ಲ. ಗಂಡ ಹೊರದೇಶಕ್ಕೆ ಹೋದರೆ ಅವನ ಕಾರಣ ಅವಳ ಕಾರಣವಾಗುವುದಿಲ್ಲ. ಕಾನೂನು ಅವಳನ್ನು ಕೊನೆಗೂ ಬೇರೆ ಜೀವವೆಂದು ಒಪ್ಪಿಕೊಂಡಿತು. ಸಂಸಾರ ಮಾತ್ರ ಆ ಮಟ್ಟಿಗೆ ಬದಲಾಗಿರಲಿಲ್ಲ.

ಆ ನಡುವಿನ ಬಿರುಕು ಎಷ್ಟಿತ್ತೆಂದು 1988ರ ಒಂದು ತೀರ್ಪು ತೋರಿಸುತ್ತದೆ. ವಲಸೆಯ ಮೇಲ್ಮನವಿ ಮಂಡಳಿಯ ಮುಂದೆ ಬಂದವಳು ಏಷ್ಯಾದ ಒಬ್ಬ ಮಹಿಳೆ. ಗಂಡ ಜಪಾನಿನಲ್ಲಿದ್ದ. ಆಕೆಗೆ ಗ್ರೀನ್ ಕಾರ್ಡ್ ಇತ್ತು, ಆದರೂ ಜಪಾನಿನಲ್ಲಿ ಗಂಡನೊಂದಿಗೇ ಸಂಸಾರ ನಡೆಸುತ್ತಿದ್ದಳು. ಅವನ ಕೆಲಸ ಮುಗಿದ ಮೇಲೆ ಎಲ್ಲರೂ ಅಮೆರಿಕಕ್ಕೆ ಹೋಗುವುದೆಂದು ಯೋಚನೆ. ಆಗಾಗ ಬಂದು ಕೆಲವು ದಿನ ಇದ್ದು ಹೋಗುತ್ತಿದ್ದಳು. ಮರುಪ್ರವೇಶದ ಪರವಾನಗಿಯನ್ನೂ ಪಡೆದಿದ್ದಳು. ಕಾಗದಪತ್ರದಲ್ಲಿ ಲೋಪವಿರಲಿಲ್ಲ. ಆದರೂ ಮಂಡಳಿ ಒಪ್ಪಲಿಲ್ಲ. ಮುಂದೆಂದೋ ಬಂದು ನೆಲೆಸುವ ಆಸೆ ಇದ್ದರೆ ಸಾಲದು, ಯಾವಾಗ ಮುಗಿಯುವುದೆಂದು ಗೊತ್ತಿಲ್ಲದ ವಾಸ ತಾತ್ಕಾಲಿಕವಾಗುವುದಿಲ್ಲ, ಪರವಾನಗಿ ಕೈಯಲ್ಲಿದ್ದ ಮಾತ್ರಕ್ಕೆ ನೆಲೆ ಉಳಿದಂತಲ್ಲ ಎಂದಿತು. ತಾಯಿ ನೆಲೆ ಬಿಟ್ಟರೆ ಅವಳ ಕೈಕೆಳಗಿನ ಮಕ್ಕಳ ನೆಲೆಯೂ ಹೋಯಿತೆಂಬುದು ಈ ಬಗೆಯ ತೀರ್ಪುಗಳ ಇನ್ನೊಂದು ಪೆಟ್ಟು. ಇದಕ್ಕೆ ಮೊದಲು 1975ರಲ್ಲಿ ಜಮೈಕಾದ ಒಬ್ಬ ಹೆಂಗಸಿಗೂ ಇದೇ ಆಗಿತ್ತು. ಆಕೆ ಅಲ್ಲಿ ವಸತಿಗೃಹ ನಡೆಸುತ್ತ ವರ್ಷದ ಹನ್ನೊಂದು ತಿಂಗಳು ತನ್ನ ದ್ವೀಪದಲ್ಲಿ, ಒಂದು ತಿಂಗಳು ಅಮೆರಿಕದಲ್ಲಿ ಇರುತ್ತಿದ್ದಳು. ವರ್ಷಕ್ಕೊಮ್ಮೆ ಹೋಗಿ ಮುಖ ತೋರಿಸಿದರೆ ಕಾರ್ಡು ಬದುಕಿರುತ್ತದೆ ಎಂದು ಇಂದಿಗೂ ಮದುವೆ ಮನೆಯ ಪಂಕ್ತಿಯಲ್ಲಿ ಕುಳಿತು ಧೈರ್ಯ ಹೇಳುವವರಿದ್ದಾರೆ. ಅವರಿಗೆ ಈ ಎರಡು ತೀರ್ಪುಗಳನ್ನು ಯಾರಾದರೂ ಓದಿ ಹೇಳಬೇಕು.

ನಿಯಮಗಳನ್ನು ಬೇಗ ಹೇಳಿಬಿಡುತ್ತೇನೆ. ಒಂದು ವರ್ಷಕ್ಕಿಂತ ಹೆಚ್ಚು ಹೊರಗಿದ್ದರೆ ಬರಿಯ ಕಾರ್ಡು ತೋರಿಸಿ ಒಳಗೆ ಬರುವಂತಿಲ್ಲ. ಪರವಾನಗಿಯನ್ನು ಅಮೆರಿಕದಲ್ಲಿದ್ದಾಗಲೇ ಅರ್ಜಿ ಹಾಕಿ ಪಡೆಯಬೇಕು, ಹೆಚ್ಚೆಂದರೆ ಎರಡು ವರ್ಷಕ್ಕೆ ಕೊಡುತ್ತಾರೆ. 1996ರ ಕಾನೂನಿನ ನಂತರ 180 ದಿನ ಮೀರಿ ಹೊರಗಿದ್ದವರನ್ನು ಹೊಸದಾಗಿ ಪ್ರವೇಶ ಕೇಳುವವರಂತೆ ಪ್ರಶ್ನಿಸಬಹುದು. ಕೈಮೀರಿದ ಕಾರಣದಿಂದ ತಡವಾದವರಿಗೆ ಮರಳುವ ನಿವಾಸಿಯ ವೀಸಾ ಎಂಬುದೊಂದಿದೆ. ಕಾಯಿಲೆಯಂಥ ಕಾರಣಗಳು ಅದಕ್ಕೆ ನಿಲ್ಲುತ್ತವೆ. "ಗಂಡನ ಕೆಲಸ ಇಲ್ಲಿತ್ತು" ಎಂಬ ಒಂದೇ ಕಾರಣ ನಿಲ್ಲುವುದು ಕಷ್ಟ. ಅಧಿಕಾರಿ ನೋಡುವುದು ಮನೆ ಎಲ್ಲಿದೆ, ಕೆಲಸ ಎಲ್ಲಿ, ಗಂಡ ಮಕ್ಕಳು ಎಲ್ಲಿ, ಬ್ಯಾಂಕು ಎಲ್ಲಿ, ತೆರಿಗೆಯನ್ನು ನಿವಾಸಿಯೆಂದು ಕಟ್ಟಿದೆಯೋ ಅಲ್ಲವೋ ಎಂಬುದನ್ನು. ಜಗತ್ತಿನ ಯಾವ ಮೂಲೆಯಲ್ಲಿ ದುಡಿದರೂ ಕಾರ್ಡಿರುವವರು ಅಮೆರಿಕಕ್ಕೆ ತೆರಿಗೆಯ ಲೆಕ್ಕ ಒಪ್ಪಿಸಬೇಕು. ಅನಿವಾಸಿಯೆಂದು ಬರೆದು ಉಳಿಸಿದ ನಾಲ್ಕು ಕಾಸು ಮುಂದೆ ಕಾರ್ಡಿಗೇ ಮುಳುವಾಗುತ್ತದೆ.

ಈ ಕಠಿಣ ನಿಯಮಗಳ ನಡುವೆ ಒಂದೇ ಒಂದು ಕಡೆ ತವರಿನ ವಾಸನೆ ಇದೆ. ಕಾರ್ಡಿರುವ ತಾಯಿ ತಾತ್ಕಾಲಿಕವಾಗಿ ಹೊರದೇಶಕ್ಕೆ ಬಂದು ಅಲ್ಲಿ ಹೆತ್ತರೆ ಆ ಮಗುವಿಗೆ ವೀಸಾ ಬೇಕಿಲ್ಲ. ಮಗುವಿಗೆ ಎರಡು ವರ್ಷ ತುಂಬುವುದರೊಳಗೆ, ಹೆರಿಗೆಯ ನಂತರ ಮೊದಲ ಸಲ ಮರಳಿ ಹೋಗುವಾಗಲೇ ಕರೆದುಕೊಂಡು ಹೋಗಬೇಕು, ಅಷ್ಟೆ. ಮೊದಲ ಸಲ ಒಬ್ಬಳೇ ಹೋಗಿ, ಮಗುವನ್ನು ಅಜ್ಜಿಯ ಮಡಿಲಲ್ಲಿ ಬಿಟ್ಟು, ಆಮೇಲೆ ಕರೆಸಿಕೊಳ್ಳುತ್ತೇನೆಂದರೆ ಈ ಅನುಕೂಲ ತಪ್ಪಿಹೋಗುತ್ತದೆ. ಆಗ ಮಗು ವೀಸಾದ ಸಾಲಿನಲ್ಲಿ ನಿಲ್ಲಬೇಕು. ಬಾಣಂತನಕ್ಕೆ ಬಂದ ಹೆಣ್ಣುಮಕ್ಕಳಿಗೆ ಅಂಟಿನುಂಡೆಯ ಜೊತೆಗೆ ಈ ಮಾತನ್ನೂ ಹೇಳಿ ಕಳಿಸುವ ಅಜ್ಜಿಯರು ಬೇಕು.

ನನ್ನ ತಂಗಿಯ ಮಗಳು ಓದಿ ತಾನೇ ಕೆಲಸ ಹಿಡಿದು ಕಾರ್ಡು ಪಡೆದವಳು. ಗಂಡನ ಕಂಪನಿ ಅವನನ್ನು ಬೆಂಗಳೂರಿಗೆ ಕಳಿಸಿತು, ಎರಡು ವರ್ಷವೆಂದು. ಎರಡು ವರ್ಷ ನಾಲ್ಕಾಯಿತು. ಬೇಸಿಗೆಗೊಮ್ಮೆ ಒಬ್ಬಳೇ ಹೋಗಿ ಬರುತ್ತಿದ್ದಳು. ಮೂರನೆಯ ಸಲ ವಿಮಾನ ನಿಲ್ದಾಣದಲ್ಲಿ ಪಕ್ಕದ ಕೋಣೆಗೆ ಕರೆದು, ನೆಲೆ ಬಿಟ್ಟುಕೊಡುವ ನಮೂನೆಯೊಂದನ್ನು ಮುಂದಿಟ್ಟರಂತೆ. "ಸಹಿ ಹಾಕಿದ್ರೆ ಬೇಗ ಬಿಡ್ತೀವಿ ಅಂದ್ರು ದೊಡ್ಡಮ್ಮ. ರಾತ್ರಿಯಿಡೀ ನಿದ್ದೆಯಿಲ್ಲ, ಕೈ ಪೆನ್ನಿನ ಹತ್ತಿರ ಹೋಗ್ತಿತ್ತು" ಎಂದಳು. ಹಾಕಲಿಲ್ಲ. ಆ ಸಹಿ ಸ್ವಂತ ಇಚ್ಛೆಯಿಂದ ಹಾಕುವಂಥದ್ದು, ಬೇಡವೆನ್ನಬಹುದು, ವಲಸೆಯ ನ್ಯಾಯಾಧೀಶರ ಮುಂದೆ ತನ್ನ ಮಾತು ಹೇಳುತ್ತೇನೆ ಎನ್ನಬಹುದು. ಅಲ್ಲಿ ಆಕೆ ನೆಲೆ ಬಿಟ್ಟಿದ್ದಾಳೆಂದು ಸಾಬೀತು ಮಾಡುವ ಹೊರೆ ಸರ್ಕಾರದ್ದು. ಕೊನೆಯ ಆದೇಶವಾಗುವ ತನಕ ಅವಳು ಖಾಯಂ ನಿವಾಸಿಯೇ. ಇಷ್ಟು ಅವಳಿಗೆ ಗೊತ್ತಿತ್ತು, ಹೇಳಿದಳು, ಆ ಸಲ ಬಿಟ್ಟರು. ಮುಂದಿನ ವರ್ಷ ಬೆಂಗಳೂರಿನಲ್ಲೇ ಮಗ ಶಾಲೆಗೆ ಸೇರಿದ ಮೇಲೆ, ಯಾರ ಬಲವಂತವೂ ಇಲ್ಲದೆ, ಅದೇ ನಮೂನೆಯನ್ನು ತಾನೇ ತುಂಬಿ ಕಾರ್ಡು ಹಿಂತಿರುಗಿಸಿದಳು. ಈಗ ಪ್ರವಾಸಿ ವೀಸಾದಲ್ಲಿ ಹೋಗಿ ಬರುತ್ತಾಳೆ. ಅದೇ ಸಹಿಯೇ ಆದರೂ ಅಂದು ಆ ಕೋಣೆಯಲ್ಲಿ ಹಾಕುವುದಕ್ಕೂ, ಮನೆಯ ಮೇಜಿನ ಮುಂದೆ ಕುಳಿತು ಹಾಕುವುದಕ್ಕೂ ಎಷ್ಟು ಅಂತರ!

ಅಮೆರಿಕದ ಕಾನೂನಿನಲ್ಲಿ ಗಂಡನ ಜೊತೆ ಹೊರಗೆ ಹೋಗುವವಳಿಗೆ ಒಂದು ಒಳದಾರಿ ಇಲ್ಲದಿಲ್ಲ. ಗಂಡ ಅಲ್ಲಿಯ ಪೌರನಾಗಿದ್ದು, ಅಲ್ಲಿಯ ಸರ್ಕಾರವೋ ಹೊರದೇಶದಲ್ಲಿ ವ್ಯಾಪಾರ ಮಾಡುವ ಅಮೆರಿಕದ ಕಂಪನಿಯೋ ಅವನನ್ನು ಹೊರಗೆ ಕಳಿಸುತ್ತಿದ್ದರೆ, ಕಾರ್ಡಿರುವ ಹೆಂಡತಿ ವರ್ಷಗಟ್ಟಲೆ ಕಾಯದೆ ಪೌರತ್ವ ಪಡೆದು ಅವನೊಂದಿಗೆ ಹೋಗಬಹುದು. ಕೆಲಸ ಮುಗಿದೊಡನೆ ಮರಳುತ್ತೇನೆ ಎಂದು ಹೇಳಬೇಕು. ಬಹಳ ಮಂದಿಗೆ ಈ ದಾರಿಯ ಸುದ್ದಿಯೇ ತಿಳಿಯುವುದಿಲ್ಲ. ತಿಳಿದವರಿಗೂ ಎದೆಯೊಳಗೆ ಒಂದು ಎಳೆತ. ಆ ಪೌರತ್ವ ತೆಗೆದುಕೊಂಡರೆ ಭಾರತದ್ದು ಹೋಗುತ್ತದೆ. 2005ರಿಂದ ಸಾಗರೋತ್ತರ ಪೌರರ ಕಾರ್ಡು ಎಂಬುದು ಬಂದು ಆ ನೋವಿಗೆ ಸ್ವಲ್ಪ ಎಣ್ಣೆ ಸವರಿದೆ.

ಇದೇ ಪ್ರಶ್ನೆಗೆ ಕೆನಡಾ ಬೇರೆ ಉತ್ತರ ಕಂಡುಕೊಂಡಿತು. ಹಾಗೆಂದು ಅದು ಮೊದಲಿನಿಂದ ಉದಾರಿಯಾಗಿತ್ತೆಂದು ತಿಳಿಯಬೇಡಿ. ವ್ಯಾಂಕೂವರಿನ ಗುರುದ್ವಾರದ ಮುಖಂಡರಾದ ಭಾಗ್ ಸಿಂಗ್, ಬಲವಂತ್ ಸಿಂಗ್ ಎಂಬಿಬ್ಬರು ಹೆಂಡತಿ ಮಕ್ಕಳನ್ನು ಕರೆತರಲು ಪಂಜಾಬಿಗೆ ಹೋಗಿ, 1912ರ ಜನವರಿಯಲ್ಲಿ ಮರಳಿದರು. ಹುಟ್ಟಿದ ದೇಶದಿಂದ ಎಲ್ಲಿಯೂ ನಿಲ್ಲದೆ ನೇರ ಪಯಣದಲ್ಲಿ ಬಂದವರಿಗೆ ಮಾತ್ರ ಪ್ರವೇಶ ಎಂಬ 1908ರ ನಿಯಮ ಆಗ ಜಾರಿಯಲ್ಲಿತ್ತು. ಭಾರತದಿಂದ ಅಂಥ ಹಡಗೇ ಇರಲಿಲ್ಲ, ಅದೇ ಅದರ ಜಾಣತನ. ಗಂಡಂದಿರು ಹಳೆಯ ನಿವಾಸಿಗಳು, ಅವರು ಇಳಿಯಬಹುದು. ಹೆಂಡತಿಯರನ್ನೂ ಮಕ್ಕಳನ್ನೂ ವಾಪಸು ಕಳಿಸಿ ಎಂದು ಆದೇಶವಾಯಿತು. ದೊಡ್ಡ ಗದ್ದಲವಾದ ಮೇಲೆ ಉಳಿಯಲು ಬಿಟ್ಟರು, ಹಕ್ಕೆಂದಲ್ಲ, ಕೃಪೆಯೆಂದು. ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಬಹುದೆಂದು ನಿಯಮ ಬದಲಾದದ್ದು ಮೊದಲ ಮಹಾಯುದ್ಧ ಮುಗಿದ ಮೇಲೆ.

ಅದೇ ಕೆನಡಾದ 1976ರ ಕಾನೂನು ಯಾವುದೇ ಹನ್ನೆರಡು ತಿಂಗಳಲ್ಲಿ 183 ದಿನಕ್ಕಿಂತ ಹೆಚ್ಚು ಹೊರಗಿದ್ದವರು ನೆಲೆ ಬಿಟ್ಟವರೆಂದು ತಿಳಿಯುತ್ತಿತ್ತು, ಹಾಗಲ್ಲವೆಂದು ಅವರೇ ಅಧಿಕಾರಿಗೆ ಮನವರಿಕೆ ಮಾಡಿಕೊಡಬೇಕು. ಮನಸ್ಸಿನ ಇಚ್ಛೆಯನ್ನು ಅಳೆಯುವ ಈ ಕಷ್ಟದ ಕೆಲಸವನ್ನು 2002ರ ಜೂನ್ 28ರಿಂದ ಜಾರಿಗೆ ಬಂದ ಹೊಸ ಕಾನೂನು ಕೈಬಿಟ್ಟು ಲೆಕ್ಕದ ದಾರಿ ಹಿಡಿಯಿತು. ಐದು ವರ್ಷದಲ್ಲಿ 730 ದಿನ. ಅಷ್ಟೇ. ಅದಕ್ಕಿಂತ ಮುಖ್ಯವಾದದ್ದೆಂದರೆ, ಕೆನಡಾದ ಪೌರನಾದ ಗಂಡನ ಅಥವಾ ಪೌರಳಾದ ಹೆಂಡತಿಯ ಜೊತೆಯಲ್ಲಿ ಹೊರದೇಶದಲ್ಲಿ ಕಳೆದ ದಿನಗಳೂ ಆ 730ರಲ್ಲಿ ಸೇರುತ್ತವೆ. ಗಂಡ ಪೌರನಲ್ಲದೆ ಬರಿಯ ಖಾಯಂ ನಿವಾಸಿಯಾಗಿದ್ದರೆ, ಕೆನಡಾದ ಕಂಪನಿಯೋ ಸರ್ಕಾರವೋ ಅವನನ್ನು ಪೂರ್ಣಾವಧಿ ಕೆಲಸಕ್ಕೆ ಹೊರಗೆ ಕಳಿಸಿದ್ದಾಗ ಮಾತ್ರ ಸೇರುತ್ತವೆ. ಅಂತೂ ಒಂದು ದೇಶ, ಸಂಸಾರವೆಂಬುದು ಜೊತೆಯಲ್ಲಿರುವುದು ಎಂಬುದನ್ನು ಕಲಮಿನಲ್ಲಿ ಬರೆಯಿತು. ಪದ ಗಂಡು ಹೆಣ್ಣು ಇಬ್ಬರಿಗೂ ಒಂದೇ. ಹೆಂಡತಿ ಪೌರಳಾಗಿ ಗಂಡನೇ ಹಿಂಬಾಲಿಸಿದರೂ ಲೆಕ್ಕ ಅದೇ. ಅದು ನನಗೆ ಹಿಡಿಸಿತು.

ಆದರೂ 'ಜೊತೆಯಲ್ಲಿ' ಎಂಬ ಪದ ಸುಮ್ಮನೆ ಕೂರಲಿಲ್ಲ. ಅಲ್ಲಿಯ ಮೇಲ್ಮನವಿಗಳಲ್ಲಿ ಒಂದು ವಾದ ಎದ್ದಿತು. ಪೌರನಾದ ಗಂಡ ಹೊರಟಾಗ ಹೆಂಡತಿ ಜೊತೆಗೆ ಹೋದಳೋ, ಅಥವಾ ಅವಳು ಮೊದಲೇ ಹೊರಗಿದ್ದು ಅವನೇ ಅವಳ ಬಳಿಗೆ ಹೋದನೋ? ಯಾರು ಯಾರನ್ನು ಹಿಂಬಾಲಿಸಿದರು? ಇಬ್ಬರೂ ಸಾಮಾನ್ಯವಾಗಿ ಒಟ್ಟಿಗೆ ವಾಸಿಸಿದ ಪ್ರತಿ ದಿನವೂ ಲೆಕ್ಕಕ್ಕೆ ಎಂದು ನಿಯಮಾವಳಿಯಲ್ಲಿ ಬರೆದಿದ್ದರೂ ಈ ಪ್ರಶ್ನೆ ಮತ್ತೆ ಮತ್ತೆ ಬಂದಿದೆ.

ನಾವು ನಗುವ ಮೊದಲು ನಮ್ಮ ಮನೆಯನ್ನೂ ನೋಡಿಕೊಳ್ಳಬೇಕು. 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯ 15, 16ನೆಯ ಕಲಮುಗಳ ಪ್ರಕಾರ ಮದುವೆಯಾದವಳ ನೆಲೆ ಗಂಡನ ನೆಲೆಯನ್ನು ಹಿಂಬಾಲಿಸುತ್ತದೆ. ಈ ಭಾಗ ಹಿಂದೂ, ಮುಸ್ಲಿಂ, ಬೌದ್ಧ, ಸಿಖ್, ಜೈನರ ಆಸ್ತಿಗೆ ಅನ್ವಯಿಸುವುದಿಲ್ಲ. ಉಳಿದವರಿಗೆ ಅನ್ವಯಿಸುತ್ತದೆ. ಇದನ್ನು ನಮಗೆ ಕಲಿಸಿಕೊಟ್ಟ ಇಂಗ್ಲೆಂಡು ತಾನು 1973ರಲ್ಲಿ ಕಾನೂನು ಮಾಡಿ, 1974ರ ಮೊದಲ ದಿನದಿಂದ ಇದನ್ನು ಬಿಟ್ಟುಬಿಟ್ಟಿತು.

ನಮ್ಮ ಬಡಾವಣೆಯಲ್ಲಿ ಕೆನಡಾದಿಂದ ಬಂದ ಒಂದು ಸಂಸಾರವಿದೆ. ಗಂಡನಿಗೆ ಅಲ್ಲಿಯ ಪೌರತ್ವ ಇದೆ, ಅವಳದು ಖಾಯಂ ನಿವಾಸಿಯ ಕಾರ್ಡು. ಹಾಸಿಗೆ ಹಿಡಿದ ಅತ್ತೆಯನ್ನು ನೋಡಿಕೊಳ್ಳಲು ಬಂದು ಮೂರನೆಯ ವರ್ಷ ನಡೆಯುತ್ತಿದೆ. ಅವಳು ಹಾಲಿನ ಲೆಕ್ಕದ ಪುಸ್ತಕದಂಥದೇ ಒಂದು ಪುಸ್ತಕದಲ್ಲಿ ದಿನಗಳನ್ನು ಬರೆದಿಡುತ್ತಾಳೆ. ಇಬ್ಬರ ಹೆಸರಿನ ಬ್ಯಾಂಕಿನ ಪುಸ್ತಕ, ಬಾಡಿಗೆ ಕರಾರು, ಗ್ಯಾಸಿನ ರಸೀದಿ, ಹಳೆಯ ಪಾಸ್‌ಪೋರ್ಟು, ವಿಮಾನದ ಚೀಟಿ ಎಲ್ಲವನ್ನೂ ಒಂದು ಫೈಲಿನಲ್ಲಿ ದಾರ ಕಟ್ಟಿ ಇಟ್ಟಿದ್ದಾಳೆ. ಯಾರ ಹಿಂದೆ ಯಾರು ಬಂದರೆಂದು ಕೇಳಬಹುದಂತೆ ಎಂದು ನಾನು ಹೇಳಿದಾಗ ಮಂಚದ ಮೇಲಿನಿಂದ ಅತ್ತೆಯೇ ಉತ್ತರ ಕೊಟ್ಟರು: "ಕೇಳ್ಲಿ ಬಿಡ್ರಿ. ಅವನು ಬಂದಿದ್ದು ನಂಗೋಸ್ಕರ. ಇವಳು ಬಂದಿದ್ದೂ ನಂಗೋಸ್ಕರವೇ. ಹಾಗಂತ ನಾನೇ ಬರ್ಕೊಡ್ತೀನಿ, ಹೆಬ್ಬೆಟ್ಟು ಬೇಕಾದ್ರೂ ಒತ್ತಿಸ್ಕೊಳ್ಳಿ." ಸೊಸೆ ನಗುತ್ತ ಎದ್ದು ಹೋಗಿ ಪುಸ್ತಕದಲ್ಲಿ ಅಂದಿನ ತಾರೀಖು ಬರೆದಳು.